ಹಲವು ಮನೆಗಳ ರೊಟ್ಟಿ

ಜೇವರ್ಗಿಯಲ್ಲಿ ನಾನು ಬಾಡಿಗೆಗಿರುವ ಓಣಿಯ ತಿರುವಿನಲ್ಲಿ ಒಂದು ಮನೆಯಿದೆ. ಆ ಮನೆಯವರು ಯಾರೆಂದು ನನಗೆ ಗೊತ್ತಿಲ್ಲ. ಆಸ್ಪತ್ರೆಯ ಕೆಲಸ ಮುಗಿಸಿ ಸಂಜೆ ನಡೆದು ಬರುವಾಗ ಕೆಲವೊಮ್ಮೆ ಅವರ ಅಡುಗೆಮನೆಯ ಕಿಟಕಿಯಿಂದ ಪುಂಡಿಪಲ್ಯ ಕುದಿಯುವ ವಾಸನೆ ಬರುತ್ತದೆ. ಸೊಪ್ಪಿನ ಕಟು ಹುಳಿ, ಅದರೊಳಗೆ ಬೇಯುವ ಜೋಳದ ನುಚ್ಚಿನ ಹೊಲದಂಥ ಘಮ, ಕೊನೆಗೆ ಬಿಸಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಸಿಡಿಯುವ ಸದ್ದು. ಜೊತೆಗಿರುವ ನರ್ಸುಗಳು ಮೂಗರಳಿಸಿ, "ಇವತ್ತು ಇವರ ಮನಿಗೇ ಉಣ್ಣಾಕ ಹೋಗೋಣು ನಡೀರಿ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅವರಿಗಿಂತ ಒಂದು ಹೆಜ್ಜೆ ಹಿಂದೆ ಉಳಿಯುತ್ತೇನೆ. ನಮ್ಮ ಮನೆಯ ಪುಂಡಿಪಲ್ಯಕ್ಕೆ ಬೇಳೆ ಇರುತ್ತಿರಲಿಲ್ಲ, ಬೆಳ್ಳುಳ್ಳಿಯ ಒಗ್ಗರಣೆಯೂ ಇರುತ್ತಿರಲಿಲ್ಲ. ಸೊಪ್ಪು, ನೀರು, ಒಂದು ಹಿಡಿ ನುಚ್ಚು, ಉಪ್ಪು, ಖಾರ. ಹಸಿದ ಹೊಟ್ಟೆಗೆ ಆ ಹುಳಿ ಬಿದ್ದರೆ ಹೊಟ್ಟೆ ಇನ್ನಷ್ಟು ಹಸಿಯುತ್ತಿತ್ತು. ನಿಮಗೂ ಅಂಥದೊಂದು ವಾಸನೆ ಇದ್ದೀತು. ಬೇರೆಯವರ ಬಾಯಲ್ಲಿ ನೀರೂರಿಸುವಂಥದು, ನಿಮ್ಮನ್ನು ಮಾತ್ರ ಇದ್ದಲ್ಲೇ ನಿಲ್ಲಿಸಿಬಿಡುವಂಥದು.

ನಾನು ಸಣ್ಣ ಹುಡುಗಿಯಾಗಿದ್ದಾಗ ನಾವು ಆಳಂದದಲ್ಲಿದ್ದೆವು. ಸಂತೆ ಕೂಡುವ ಬಯಲಿನ ಹಿಂದೆ, ತಗಡಿನ ಮಾಡಿನ ಎರಡು ಕೋಣೆಗಳ ಬಾಡಿಗೆ ಮನೆ. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡುವುದು ಅಬ್ಬಾನ ಕಸುಬು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ತಂತಿಯನ್ನು ಮೀಟುವ ಭಾರದ ಕಟ್ಟಿಗೆ. ಅಬ್ಬಾ ಮೀಟಲು ಶುರುಮಾಡಿದರೆ ತಗಡಿನ ಮನೆಯೆಲ್ಲ ಝೇಂಕರಿಸುತ್ತಿತ್ತು. ಗಟ್ಟಿಯಾಗಿ ಕುಳಿತಿದ್ದ ಹಳೆಯ ಹತ್ತಿ ಮೋಡದಂತೆ ಬಿಚ್ಚಿಕೊಳ್ಳುತ್ತಿತ್ತು. ಬಾಗಿಲಿನಿಂದ ಬೀಳುವ ಬಿಸಿಲಿನಲ್ಲಿ ಎಳೆಗಳು ತೇಲುತ್ತಿದ್ದವು. ನಾನು ಮತ್ತು ತಮ್ಮ ರಫೀಕ ಅವನ್ನು ಹಿಡಿಯಲು ಕುಣಿಯುತ್ತಿದ್ದೆವು. ಮದುವೆಯ ದಿನಗಳಲ್ಲಿ ಅಬ್ಬಾ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಖಜೂರಿ, ಅಫಜಲಪುರದ ಕಡೆಯ ಹಳ್ಳಿಗಳಿಗೆಲ್ಲ ಹೋಗಿ ಬರುತ್ತಿದ್ದರು. ಬಂದಾಗ ಅವರ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬೆಳ್ಳಗಾಗಿರುತ್ತಿದ್ದವು. ಆ ಬಿಳುಪು ಅವರ ಎದೆಯೊಳಗೂ ಇಳಿಯುತ್ತಿದೆ ಎಂದು ನಮಗಾರಿಗೂ ತಿಳಿದಿರಲಿಲ್ಲ. ಮೊದಲು ಅಂಗಡಿಗಳಿಗೆ ಸ್ಪಂಜಿನ ಗಾದಿಗಳು ಬಂದವು. ಆಮೇಲೆ ಅಬ್ಬಾನಿಗೆ ದಮ್ಮು ಬಂತು. ಬಿಲ್ಲು ಗೋಡೆಗೆ ಏರಿತು, ಮತ್ತೆ ಇಳಿಯಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆ ನಡೆದದ್ದು ದಾದಿಯ ಕೈಯಲ್ಲಿ. ದಾದಿ ಎಂದರೆ ಅಬ್ಬಾನ ತಾಯಿ. ಕಿಣ್ಣಿ ಸುಲ್ತಾನದಲ್ಲಿ ಹುಟ್ಟಿ, ಕಂಡವರ ಹೊಲದಲ್ಲಿ ಕಳೆ ತೆಗೆದು ಬೆಳೆದವಳು. ತೆಳ್ಳಗೆ, ಉದ್ದಕ್ಕೆ, ಬೇಸಿಗೆಯಲ್ಲಿ ಒಣಗಿನಿಂತ ತೊಗರಿ ಕಟ್ಟಿಗೆಯಂತಿದ್ದಳು. ಸಂತೆಗೆ ಎಲ್ಲರೂ ಬೆಳಗ್ಗೆ ಹೋದರೆ ದಾದಿ ಹೊರಡುತ್ತಿದ್ದುದು ಸಂತೆ ಮುರಿಯುವ ಹೊತ್ತಿಗೆ. ಮಾರುವವರು ಉಳಿದದ್ದನ್ನು ಹೊತ್ತು ಒಯ್ಯಲಾರದೆ ಸುರಿದುಹೋಗುವ ಬಾಡಿದ ಸೊಪ್ಪು, ಒಂದು ಬದಿ ಕೊಳೆತ ಬದನೆಕಾಯಿ, ಒಡೆದ ಟೊಮೆಟೊ ಅವಳ ಸೆರಗಿಗೆ ಬರುತ್ತಿದ್ದವು. ಕೊಳೆತದ್ದನ್ನು ಕೊಯ್ದು ತೆಗೆದು, ಉಳಿದದ್ದನ್ನು ನೀರಿಗೆ ಹಾಕಿ, ಅದಕ್ಕೆ ಜೀವ ಬರುವ ತನಕ ಕಾಯುತ್ತಿದ್ದಳು. ಬೇಳೆ ಬೇಯಿಸಿದ ದಿನ ಮೇಲಿನ ತಿಳಿ ಬಸಿದು ಅದನ್ನೇ ಸಾರು ಮಾಡುವಳು. ತಳದ ಬೇಳೆಯನ್ನು ಮರುದಿನಕ್ಕೆ ಮುಚ್ಚಿಡುವಳು. ಹಂಚಿಗೆ ಎಣ್ಣೆ ಸುರಿಯುತ್ತಿರಲಿಲ್ಲ. ಎಣ್ಣೆಯಲ್ಲಿ ನೆನೆದ ಒಂದು ಬಟ್ಟೆಯ ಚೂರಿನಿಂದ ಒರೆಸುವಳು. ಜೋಳದ ಹಿಟ್ಟು ಜರಡಿ ಹಿಡಿದಾಗ ಉಳಿದ ತೌಡನ್ನೂ ಚೆಲ್ಲದೆ ಅಂಬಲಿಗೆ ಕಲಸುವಳು. ಕಲ್ಲಿನ ಮೇಲೆ ಖಾರ ಅರೆದ ಮೇಲೆ ಆ ಕಲ್ಲು ತೊಳೆದ ನೀರು ಕೂಡ ಪಲ್ಯಕ್ಕೇ ಹೋಗುತ್ತಿತ್ತು. ಇದನ್ನೆಲ್ಲ ಅವಳು ಒಂದು ಮಾತೂ ಆಡದೆ, ಅವಸರವೂ ಇಲ್ಲದೆ ಮಾಡುತ್ತಿದ್ದಳು. ನೋಡುವ ನಮಗೆ ಅದು ಬಡತನ ಎನ್ನಿಸದೆ ಅಡುಗೆ ಮಾಡುವ ರೀತಿಯೇ ಹೀಗೆ ಎನ್ನಿಸುತ್ತಿತ್ತು.

ಆದರೂ ಆ ವರ್ಷದ ಬೇಸಿಗೆಗೆ ದಾದಿಯ ಯಾವ ಉಪಾಯವೂ ಸಾಲಲಿಲ್ಲ. ಅಬ್ಬಾನ ಔಷಧಿ, ಇಂಜೆಕ್ಷನ್ನುಗಳು ಎಲ್ಲವನ್ನೂ ನುಂಗಿದ್ದವು. ರೇಷನ್ ಅಂಗಡಿಯ ಅಕ್ಕಿ, ಗೋಧಿ ತಿಂಗಳ ಅರ್ಧಕ್ಕೆ ತಳ ಕಾಣುತ್ತಿತ್ತು. ಅಮ್ಮಿ ನಾಲ್ಕಾರು ಮನೆಗಳಲ್ಲಿ ಪಾತ್ರೆ ತಿಕ್ಕಿ ತಂದದ್ದು ಬಾಡಿಗೆಗೇ ಸರಿಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸಾಲಿಗೆ ಸೂಟಿ ಬಿದ್ದಿತ್ತು. ಸೂಟಿ ಬಂದರೆ ಬೇರೆ ಮಕ್ಕಳು ಕುಣಿಯುತ್ತಿದ್ದರು. ನನಗೂ ರಫೀಕನಿಗೂ ಸೂಟಿ ಎಂದರೆ ಮಧ್ಯಾಹ್ನದ ಬಿಸಿಯೂಟ ನಿಂತಿತು ಎಂದಷ್ಟೇ ಅರ್ಥ. ಅಬ್ಬಾನಿಗೆ ದಿನಕ್ಕೊಂದು ತತ್ತಿ ಕೊಡಲೇಬೇಕೆಂದು ಡಾಕ್ಟರು ಹೇಳಿದ್ದರು. ದಾದಿ ಹೇಗೋ ತಂದು ಕುದಿಸಿ ಕೊಡುತ್ತಿದ್ದಳು, ಕೊಟ್ಟು ಅಲ್ಲೇ ನಿಲ್ಲುತ್ತಿದ್ದಳು. ಇಲ್ಲವಾದರೆ ಅಬ್ಬಾ ಅರ್ಧ ಮುರಿದು ರಫೀಕನಿಗೆ ಕೊಟ್ಟುಬಿಡುತ್ತಿದ್ದರು. ರಫೀಕ ಬಿಡಿಸಿದ ಸಿಪ್ಪೆಯನ್ನು ಕೈಯಲ್ಲಿ ಹಿಡಿದು, ಒಳಗಿನ ತೆಳ್ಳನೆಯ ಪೊರೆಗೆ ಏನಾದರೂ ಅಂಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಬ್ಬಾ ಗೋಡೆಯ ಕಡೆ ಮುಖ ತಿರುಗಿಸಿ ತತ್ತಿ ತಿನ್ನುತ್ತಿದ್ದರು. ಅವರ ಬೆನ್ನು ಏಳುವುದು, ಇಳಿಯುವುದು ನನಗೆ ಕಾಣುತ್ತಿತ್ತು. ಅದು ದಮ್ಮೋ ಅಳುವೋ ಎಂದು ತಿಳಿಯುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ದಾದಿ ರೋಜಾ ಹಿಡಿಯಲು ಶುರುಮಾಡಿದಳು. ರಂಜಾನಿನ ಉಪವಾಸ ಮುಗಿದು ಎಷ್ಟೋ ತಿಂಗಳಾಗಿತ್ತು. ಮೊದಲು ಸೋಮವಾರ, ಗುರುವಾರ ಎಂದಳು. ಆಮೇಲೆ ಶುಕ್ರವಾರವೂ ಸೇರಿತು. ಕೊನೆಕೊನೆಗೆ ಯಾವ ವಾರ ರೋಜಾ ಇಲ್ಲ ಎಂದು ಕೇಳುವಂತಾಯಿತು. ಜೋಳದ ಡಬ್ಬಿ ಬರಿದಾದಷ್ಟೂ ದಾದಿಯ ಭಕ್ತಿ ಹೆಚ್ಚಿತು. ಪಕ್ಕದ ಮನೆಯ ಗಂಗವ್ವ ಗಂಡ ಸತ್ತ ಹೆಂಗಸು. ಮಗಳೊಂದಿಗೆ ಹಪ್ಪಳ ಲಟ್ಟಿಸಿ ಬದುಕುತ್ತಿದ್ದಳು. ಬಸವ ಜಯಂತಿಯ ದಿನ ಅವಳು ಒಂದು ಬಟ್ಟಲು ಗೋಧಿ ಹುಗ್ಗಿ ತಂದು ದಾದಿಯ ಮುಂದಿಟ್ಟಳು. ಬೆಲ್ಲದ ಬಿಸಿ ವಾಸನೆಗೆ ರಫೀಕ ಮಲಗಿದ್ದವನು ಎದ್ದು ಕುಳಿತ.

"ತಿನ್ನು ಬೂಬಮ್ಮ" ಎಂದಳು ಗಂಗವ್ವ.

"ನಂದು ರೋಜಾ ಅದ ಗಂಗವ್ವ."

"ರಂಜಾನ್ ಹೋಗಿ ಎಷ್ಟು ದಿನ ಆತು, ನಿಂದಿನ್ನೂ ಮುಗೀಲಿಲ್ಲೇನು?"

"ಮಗನ ಹೆಸರಿಲೆ ಹರಕಿ ಹೊತ್ತೀನಿ. ಅವ ಆರಾಮ ಆಗೂತನಕ ಹಿಡೀಬೇಕು."

ಗಂಗವ್ವ ಬಟ್ಟಲನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದಳು. "ಹೊತ್ತು ಮುಣಗಿದ ಮ್ಯಾಲರ ತಿಂತಿಯಿಲ್ಲೋ?" ಎಂದಳು.

"ತಿಂತೇನಿ, ಇಟ್ಟು ಹೋಗು."

ಹೊತ್ತು ಮುಳುಗುವ ಮೊದಲೇ ಆ ಹುಗ್ಗಿ ನನ್ನ ಮತ್ತು ರಫೀಕನ ಹೊಟ್ಟೆ ಸೇರಿತ್ತು. ದಾದಿ ಮಸೀದಿಯ ಬಾಂಗು ಕೇಳಿದ ಮೇಲೆ ಒಂದು ಹರಳು ಉಪ್ಪು ನಾಲಿಗೆಗೆ ಹಚ್ಚಿ, ನೀರು ಕುಡಿದು ರೋಜಾ ಬಿಟ್ಟಳು.

ಅಮ್ಮಿಯ ರೀತಿ ಬೇರೆ. ಅವಳು ದೇವರ ಹೆಸರು ಹೇಳುತ್ತಿರಲಿಲ್ಲ. ಕೆಲಸದಿಂದ ಬಂದವಳು, "ಅತ್ತೀ, ನಾ ಅಲ್ಲೇ ಉಂಡು ಬಂದೀನಿ, ಸಾಹುಕಾರರ ಮನ್ಯಾಗ ಹೊಟ್ಟಿ ತುಂಬ ಕೊಟ್ಟಾರ" ಎಂದು ಗಡಿಗೆಯ ನೀರು ಕುಡಿದು ಕೆಲಸಕ್ಕೆ ತೊಡಗುತ್ತಿದ್ದಳು. ದಾದಿ ಅದನ್ನು ನಂಬಿದ್ದಳು. ದಾದಿಯ ರೋಜಾವನ್ನು ಅಮ್ಮಿ ನಂಬಿದ್ದಳು. ಇಬ್ಬರೂ ತಮ್ಮ ತಮ್ಮ ರೊಟ್ಟಿಯನ್ನು ಮತ್ತೊಬ್ಬರು ತಿಂದಾರು ಎಂದು ಬಿಟ್ಟರೆ, ಅದು ಕೊನೆಗೆ ನಮ್ಮ ತಾಟಿಗೆ ಬಂದು ಬೀಳುತ್ತಿತ್ತು. ಒಂದು ದಿನ ಬೆಳಗ್ಗೆ ಓಣಿಯ ನಲ್ಲಿಯಲ್ಲಿ ಕೊಡ ತುಂಬುತ್ತಿದ್ದ ಅಮ್ಮಿ ನಿಂತಲ್ಲೇ ಕುಸಿದುಬಿದ್ದಳು. ಕೊಡ ಉರುಳಿ ನೀರೆಲ್ಲ ಅವಳ ಸೀರೆಯ ಕೆಳಗೆ ಹರಿಯಿತು. ಗಂಗವ್ವ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾದಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ನಿನ್ನೆಯಿಂದ ಏನು ತಿಂದೀದಿ ತಂಗಿ? ಖರೇ ಹೇಳು" ಎಂದು ಗಂಗವ್ವ ಅವಳ ಕೆನ್ನೆ ತಟ್ಟಿದಳು.

ಅರ್ಧ ಎಚ್ಚರದಲ್ಲಿದ್ದ ಅಮ್ಮಿಗೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಚಾ" ಎಂದಳು. "ಅವರು ಚಾ ಅಷ್ಟ ಕೊಡ್ತಾರ."

ಗಾಳಿ ಹಾಕುತ್ತಿದ್ದ ದಾದಿಯ ಕೈ ನಿಂತಿತು. ಗಂಗವ್ವ ಬೆಲ್ಲದ ನೀರು ಕುಡಿಸಿ ಅಮ್ಮಿಯನ್ನು ಎಬ್ಬಿಸಿ ಕೂರಿಸಿದಳು. ಅಂದು ಮಧ್ಯಾಹ್ನ ದಾದಿ ತನ್ನ ಎರಡು ಸೀರೆಗಳನ್ನು ಗಂಟು ಕಟ್ಟಿದಳು. "ನಮ್ಮ ತಮ್ಮಗ ನೋಡಿ ಭಾಳ ದಿನ ಆಗ್ಯಾದ. ಕಿಣ್ಣಿ ಸುಲ್ತಾನಕ್ಕ ಹೋಗಿ ಬರ್ತೇನಿ. ಅವನ ಹೊಲದಾಗ ಈ ಸಲ ಛಲೋ ಜ್ವಾಳ ಆಗ್ಯಾವಂತ" ಎಂದಳು. ಅಬ್ಬಾ ಬೇಡವೆನ್ನಲು ಬಾಯಿ ತೆರೆದರು, ಕೆಮ್ಮು ಬಂತು. ದಾದಿ ಬಾಗಿಲಲ್ಲಿ ನಿಂತು ಅಮ್ಮಿಗೆ, "ಇನ್ನ ಮ್ಯಾಲ ನನ್ನ ಪಾಲು ನೀ ಉಣ್ಣು. ಉಣ್ಣಲಿಲ್ಲಂದ್ರ ನನ್ನ ಆಣಿ ಅದ" ಎಂದು ಹೇಳಿ ಹೋದಳು.

ಅವಳು ಹೋದ ಮೇಲೆ ಸ್ವಲ್ಪ ದಿನಕ್ಕೆ ನಮ್ಮ ಓಣಿಯ ಮಹಿಬೂಬ ಮಾಮು ಒಂದು ಚೀಲ ತಂದು ಇಟ್ಟ. ಅವನು ಊರೂರು ತಿರುಗಿ ಬಳೆ ಮಾರುವವನು. "ಬೂಬಮ್ಮ ಕಳಿಸ್ಯಾರ" ಎಂದಷ್ಟೇ ಹೇಳಿ ಹೋದ. ಚೀಲದ ತುಂಬ ಬಿಸಿಲಿಗೆ ಒಣಗಿಸಿದ ರೊಟ್ಟಿಯ ತುಂಡುಗಳಿದ್ದವು. ಅಮ್ಮಿ ಚೀಲಕ್ಕೆ ಕೈಹಾಕಿ, ಆ ಕೈಯನ್ನು ಹಾಗೇ ಬಹಳ ಹೊತ್ತು ಒಳಗಿಟ್ಟುಕೊಂಡು ಕುಳಿತಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಮತ್ತೆ ಎರಡು ಹೊತ್ತು ಒಲೆ ಹೊತ್ತಿತು. ತುಂಡುಗಳನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಮತ್ತು ಖಾರ ಹಾಕಿ ಅಮ್ಮಿ ಹಂಚಿನ ಮೇಲೆ ಕೈಯಾಡಿಸುತ್ತಿದ್ದಳು. ಮೆತ್ತಗಾದ ರೊಟ್ಟಿಯ ಅಂಚುಗಳು ಸೀದು ಗರಿಗರಿಯಾಗುವಾಗ ಬರುತ್ತಿದ್ದ ಘಮಕ್ಕೆ ರಫೀಕ ಒಲೆಯ ಬಳಿಯಿಂದ ಏಳುತ್ತಿರಲಿಲ್ಲ. ಚೀಲಗಳು ಬರುತ್ತಲೇ ಇದ್ದವು. ಅಬ್ಬಾನ ಮುಖದಲ್ಲಿ ಸ್ವಲ್ಪ ರಕ್ತ ಆಡಿತು. ಅಮ್ಮಿಯ ಕಣ್ಣ ಸುತ್ತಲಿನ ಕಪ್ಪು ತಿಳಿಯಾಯಿತು. "ನಮ್ಮ ಮಾವಂದು ದೊಡ್ಡ ಮನಸು" ಎಂದು ಅಬ್ಬಾ ದಾದಿಯ ತಮ್ಮನನ್ನು ಮತ್ತೆ ಮತ್ತೆ ಹೊಗಳುತ್ತಿದ್ದರು.

ಆ ತುಂಡುಗಳನ್ನು ನೆನೆಹಾಕುವ ಕೆಲಸ ನನ್ನದಾಗಿತ್ತು. ಹಾಗಾಗಿ ಅವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ನಾನೇ. ಕೆಲವು ನಮ್ಮ ಕಡೆಯ ಜೋಳದ ರೊಟ್ಟಿ, ತೆಳ್ಳಗೆ ಬಡಿದವು. ಕೆಲವು ದಪ್ಪ, ಅಂಚು ಒಡೆದವು. ಸಜ್ಜೆಯವು ಕಪ್ಪಗಿದ್ದವು, ಎಳ್ಳು ಅಂಟಿಕೊಂಡಿತ್ತು. ನಡುವೆ ಗೋಧಿ ಚಪಾತಿಗಳು. ಎಣ್ಣೆ ಹಚ್ಚಿ ಮಡಿಚಿದವು ಬೇರೆ, ಒಣ ಸುಟ್ಟವು ಬೇರೆ. ಒಮ್ಮೆ ಅರ್ಧ ಪೂರಿ ಸಿಕ್ಕಿತು, ಇನ್ನೊಮ್ಮೆ ಹೂರಣ ಅಂಟಿದ ಹೋಳಿಗೆಯ ಚೂರು. ಒಬ್ಬರ ಕೈಯ ರೊಟ್ಟಿ ಇನ್ನೊಬ್ಬರ ಕೈಯದರಂತೆ ಇರುವುದಿಲ್ಲ, ಅದು ಸಣ್ಣ ಹುಡುಗಿಗೂ ಗೊತ್ತಾಗುತ್ತದೆ. ಅಬ್ಬಾನ ಮುಂದೆ ತಂದು ತೋರಿಸಿದೆ. ಅವರು ಹೋಳಿಗೆಯ ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ನಮ್ಮ ಮಾವನ ಮನ್ಯಾಗ ಪೂರಿ, ಹೋಳಿಗಿ ಯಾವಾಗಿಂದ ಮಾಡಾಕತ್ರು?" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ಅಂಗಿ ಹಾಕಿಕೊಂಡು, ಗೋಡೆ ಹಿಡಿದು, ಮಹಿಬೂಬ ಮಾಮುವಿನ ಮನೆಗೆ ನಡೆದರು. ನಾನು ಹಿಂದೆಯೇ ಹೋದೆ.

ಮಹಿಬೂಬ ಮಾಮು ಬಳೆಗಳಿಗೆ ದಾರ ಪೋಣಿಸುತ್ತಿದ್ದ. ಅಬ್ಬಾ ಕೇಳಿದ ಮೇಲೂ ತಲೆ ಎತ್ತಲಿಲ್ಲ.

"ನನಗ ಆಣಿ ಹಾಕ್ಸ್ಯಾರ ಇಮಾಮಭಾಯಿ."

"ನಾ ಆಕಿ ಮಗ ಇದ್ದೀನಿ ಮಹಿಬೂಬ. ಎಲ್ಲಿ ಅದಾಳ ಹೇಳು."

ಮಾಮು ದಾರವನ್ನು ಕೆಳಗಿಟ್ಟ. "ಗಾಣಗಾಪುರದಾಗ" ಎಂದ.

ಗಾಣಗಾಪುರದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಆ ಊರಿನಲ್ಲಿ ಮಧ್ಯಾಹ್ನದ ಹೊತ್ತು ದತ್ತನೇ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಯಾವ ವೇಷದಲ್ಲಿ ಬಂದಾನೆಂದು ಯಾರಿಗೂ ಗೊತ್ತಿಲ್ಲದ ಕಾರಣ, ಕೈಯೊಡ್ಡಿದವರಿಗೆ ಯಾರೂ ಇಲ್ಲವೆನ್ನುವುದಿಲ್ಲ, ನೀನು ಯಾರು ಎಂದೂ ಕೇಳುವುದಿಲ್ಲ. ಮರುದಿನ ಅಬ್ಬಾ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಒಬ್ಬರೇ ಹೋಗುವ ಧೈರ್ಯ ಅವರಿಗೆ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾವು ಇಳಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಕಲ್ಲುಹಾಸು ಕಾದು, ಚಪ್ಪಲಿಯ ಒಳಗೂ ಪಾದ ಸುಡುತ್ತಿತ್ತು. ಗುಡಿಗೆ ಹೋಗುವ ಓಣಿಯಲ್ಲಿ ಯಾತ್ರಿಕರು ಬುಟ್ಟಿ, ಡಬ್ಬಿಗಳನ್ನು ಹಿಡಿದು ರೊಟ್ಟಿ, ಪಲ್ಯ, ಶಿರಾ ಹಂಚುತ್ತಿದ್ದರು. ಸಾಲಿನಲ್ಲಿ ಸಾಧುಗಳು, ಮುದುಕರು, ಜೋಳಿಗೆ ಹಾಕಿಕೊಂಡ ಭಕ್ತರು ಕೂಗಿ ಬೇಡುತ್ತಿದ್ದರು. ಆ ಸಾಲಿನಿಂದ ಸ್ವಲ್ಪ ದೂರ, ಒಂದು ಮನೆಯ ಗೋಡೆಗೆ ಒರಗಿ, ಸೆರಗನ್ನು ಹಣೆಯ ತನಕ ಎಳೆದುಕೊಂಡು ದಾದಿ ನಿಂತಿದ್ದಳು. ಅವಳು ಕೂಗುತ್ತಿರಲಿಲ್ಲ. ಕೈಯಲ್ಲಿ ಬಾಯಿ ತೆರೆದ ಚೀಲ ಇತ್ತು, ಅಷ್ಟೇ.

ಸೊಲ್ಲಾಪುರದ ಕಡೆಯವಳಂತೆ ಕಾಣುವ ಒಬ್ಬ ಹೆಂಗಸು ಅವಳ ಚೀಲಕ್ಕೆ ಎರಡು ಚಪಾತಿ ಹಾಕಿದಳು. ಹಾಕಿ ಬಾಗಿ ಎರಡೂ ಕೈಯಿಂದ ದಾದಿಯ ಪಾದ ಮುಟ್ಟಿ, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ದಾದಿ ಬೆಚ್ಚಿ ಕಾಲು ಹಿಂದೆಳೆದುಕೊಂಡಳು. ಅಬ್ಬಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನನ್ನ ಬೆರಳುಗಳು ಮರಗಟ್ಟಿದ್ದವು. ಮುಂದೆ ಹೆಜ್ಜೆ ಇಡಲಿಲ್ಲ, ಹಿಂದೆಯೂ ತಿರುಗಲಿಲ್ಲ. ನಾನೇ ಕೂಗಿದೆ: "ದಾದೀ!"

ಅವಳು ತಲೆ ಎತ್ತಿದಳು. ನಾಚಿಕೆಪಟ್ಟಾಳು ಎಂದುಕೊಂಡಿದ್ದೆ; ಇಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಅವಸರದಿಂದ ಬಂದವಳು ಮೊದಲು ಅಬ್ಬಾನ ಎದೆಯ ಮೇಲೆ ಕೈಯಿಟ್ಟಳು.

"ಈ ಬಿಸಲಾಗ ಯಾಕ ಬಂದಿ ಮಗಾ? ದಮ್ಮು ಹಿಡದ್ರ?"

ದಾದಿ ನಮ್ಮನ್ನು ಹೊಳೆಯ ಕಡೆಗಿನ ಒಂದು ಮರದ ನೆರಳಿಗೆ ಕರೆದೊಯ್ದಳು. ಭೀಮಾ ಆಗ ಬಹಳ ಇಳಿದಿತ್ತು. ಬಂಡೆಗಳ ನಡುವೆ ಹಸಿರು ನೀರು ನಿಂತಿತ್ತು. ಸೆರಗು ಹಾಸಿ, ಚೀಲದಿಂದ ಮೆತ್ತಗಿನ ಚಪಾತಿಗಳನ್ನು ಆರಿಸಿ ತೆಗೆದು, ಎಲೆಯಲ್ಲಿ ಕಟ್ಟಿದ್ದ ಬದನೆಕಾಯಿ ಪಲ್ಯ ಬಿಚ್ಚಿ ಅಬ್ಬಾನ ಮುಂದಿಟ್ಟಳು.

"ನಾ ಬದುಕಿರೂತನಕ ನೀ ಭಿಕ್ಷಾ ಬೇಡೂದೇನವ್ವಾ?" ಎಂದರು ಅಬ್ಬಾ. ಅವರ ದನಿ ಸೀಳಿತ್ತು.

"ನಾ ಯಾರ್ನೂ ಬೇಡಿಲ್ಲ. ನಿಂತೀನಿ, ಕೊಟ್ಟಾರ. ಉಣ್ಣು."

"ಮನಿಗೆ ನಡಿ. ಹ್ಯಾಂಗರ ಮಾಡೂಣು."

"ಹ್ಯಾಂಗ ಮಾಡ್ತೀ?" ಎಂದಳು ದಾದಿ. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಅವಳು ಅಬ್ಬಾನ ತಲೆ ಸವರಿದಳು. "ಸಾಲಿ ಚಾಲೂ ಆಗ್ಲಿ. ಹುಡುಗೂರಿಗೆ ಅಲ್ಲಿ ಊಟ ಸಿಗ್ತದ. ಆವಾಗ ಬರ್ತೇನಿ. ಇಲ್ಲಿ ನಂದೂ ಹೊಟ್ಟಿ ತುಂಬ್ತದ ಮಗಾ."

ಆಮೇಲೆ ಅವಳೂ ನಮ್ಮ ಜೊತೆ ಉಂಡಳು. ದಾದಿ ಕುಳಿತು, ನಿಧಾನಕ್ಕೆ, ಸಾಕೆನ್ನುವ ತನಕ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಕೆನ್ನೆ ಮನೆಯಲ್ಲಿದ್ದಾಗಿನದಕ್ಕಿಂತ ತುಂಬಿಕೊಂಡಿತ್ತು. ಅದನ್ನು ಅಬ್ಬಾನೂ ನೋಡುತ್ತಿದ್ದರು. ಮಗನ ಮನೆಯಲ್ಲಿ ಬಾಡಿದ ತಾಯಿ ಪರರ ಓಣಿಯಲ್ಲಿ ನಿಂತು ಚೇತರಿಸಿಕೊಂಡಿದ್ದಳು. ಅದಕ್ಕಿಂತ ದೊಡ್ಡ ಸೋಲು ಒಬ್ಬ ಗಂಡಸಿಗೆ ಇದ್ದೀತೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಬ್ಬಾ ಚಪಾತಿಯ ತುತ್ತನ್ನು ಬಾಯಲ್ಲಿಟ್ಟುಕೊಂಡು ನುಂಗಲಾಗದೆ ಕುಳಿತಿದ್ದರು; ಕಣ್ಣ ನೀರು ಅವರ ಗಡ್ಡದೊಳಗೆ ಇಳಿಯುತ್ತಿತ್ತು. ಸಂಜೆಯ ಬಸ್ಸಿಗೆ ನಾವಿಬ್ಬರೇ ಹತ್ತಿದೆವು. ಅವಳನ್ನು ಎಳೆದು ತರಬಹುದಿತ್ತು. ತಂದರೆ ಎಲ್ಲರೂ ಮತ್ತೆ ಹಸಿಯಬೇಕಿತ್ತು. ಅಬ್ಬಾನ ತೊಡೆಯ ಮೇಲೆ ದಾದಿ ಕೊಟ್ಟ ಚೀಲವಿತ್ತು. ಆಳಂದ ಬರುವ ತನಕ ಅವರು ಅದರ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು.

ದಾದಿ ಮಾತಿಗೆ ತಪ್ಪಲಿಲ್ಲ. ಸಾಲಿ ಚಾಲೂ ಆದ ವಾರವೇ ಬಂದಳು. ಮೊದಲ ಮಳೆಗೆ ತಗಡು ಸೋರುತ್ತಿತ್ತು. ಅವಳು ಬಂದವಳೇ ಬೋಗುಣಿಗಳನ್ನು ಹುಡುಕಿ ಸೋರುವಲ್ಲೆಲ್ಲ ಇಟ್ಟಳು. ಆದರೆ ಆ ಬಿಸಿಲೆಲ್ಲ ಅವಳೊಳಗೆ ಉಳಿದಿತ್ತೇನೋ. ಆಷಾಢದಲ್ಲಿ ಜ್ವರ ಹಿಡಿಯಿತು. ಅಮ್ಮಿ ಗಂಜಿ ಮಾಡಿ ಬಾಯಿಗೆ ಹಿಡಿದರೆ ಅವಳು ಮುಖ ತಿರುಗಿಸಿ, "ಹುಡುಗೂರು ಉಂಡವೇನು?" ಎಂದು ಕೇಳುತ್ತಿದ್ದಳು. ಉಂಡವು ಎಂದರೂ ನಂಬುತ್ತಿರಲಿಲ್ಲ. ನನ್ನನ್ನೂ ರಫೀಕನನ್ನೂ ಹತ್ತಿರ ಕರೆದು, ನಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದ ಮೇಲೆಯೇ ಒಂದು ಚಮಚೆ ನುಂಗುತ್ತಿದ್ದಳು. ಒಂದು ದಿನ ಮಳೆ ಬಿಟ್ಟ ಮಧ್ಯಾಹ್ನ, ಓಣಿಯೆಲ್ಲ ಹಸಿ ಮಣ್ಣಿನ ವಾಸನೆ ತುಂಬಿರುವಾಗ, ಆ ಕೈ ನನ್ನ ಹೊಟ್ಟೆಯ ಮೇಲೆ ಹಾಗೆಯೇ ನಿಂತಿತು.

ನಮ್ಮಲ್ಲಿ ನಲವತ್ತನೆಯ ದಿನ, ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ, ದೊಡ್ಡ ತಾಟಿನಂಥ ಪರಾತದಲ್ಲಿಟ್ಟು ಫಾತಿಹಾ ಓದಿಸುತ್ತಾರೆ. ಕಿಣ್ಣಿ ಸುಲ್ತಾನದಿಂದ ದಾದಿಯ ತಮ್ಮನೂ ಬಂದಿದ್ದ. ಓಣಿಯವರು ಅಕ್ಕಿ, ಬೇಳೆ, ಸಕ್ಕರೆ ತಂದುಕೊಟ್ಟಿದ್ದರು. ಅಂದು ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಅಮ್ಮಿ ಒಲೆಯ ಮುಂದೆ ಕುಳಿತು, "ಅತ್ತಿಯವರಿಗೆ ಏನು ಸೇರ್ತಿತ್ತು?" ಎಂದು ಕೇಳಿದಳು. ಅಬ್ಬಾ ಯೋಚಿಸಿದರು. ನೆನಪಾಗುತ್ತದೆಂದು ನಾವೆಲ್ಲ ಕಾದೆವು. "ಗೊತ್ತಿಲ್ಲ" ಎಂದರು ಕೊನೆಗೆ. ಗಂಗವ್ವನನ್ನು ಕೇಳಿದರೆ, "ಆಕಿ ಉಣ್ಣೂದು ನಾ ನೋಡೇ ಇಲ್ಲಲ್ಲೋ ತಮ್ಮಾ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ದಾದಿಯ ತಮ್ಮನ ಕಡೆ ತಿರುಗಿದರು. "ನಮ್ಮವ್ವ ಸತ್ತಾಗ ನಾ ಸಣ್ಣಾಂವ. ಆಕಿನೇ ನನಗ ಉಣಿಸ್ಯಾಳ. ತಾ ಏನು ಉಂಡ್ಳೋ, ನಾ ನೋಡ್ಲಿಲ್ಲ" ಎಂದ ಆ ಮುದುಕ.

ಅಂದು ಪರಾತದಲ್ಲಿ ಏನೇನೋ ಇಟ್ಟರು. ಊದಿನಕಡ್ಡಿಯ ಹೊಗೆ ತಗಡಿನ ತನಕ ಏರಿ ಅಲ್ಲೇ ಸುತ್ತುತ್ತಿತ್ತು. ಆ ತಗಡಿನ ಮನೆ ಈಗಿಲ್ಲ, ಅಲ್ಲೊಂದು ಮೊಬೈಲ್ ಅಂಗಡಿಯಿದೆ. ಅಬ್ಬಾ ಮತ್ತೆ ಕೆಲವು ವರ್ಷ ಒಂದು ಗೋದಾಮಿನ ಬಾಗಿಲು ಕಾದು, ದಾದಿಯ ಪಕ್ಕದಲ್ಲೇ ಮಣ್ಣಾದರು. ಅವರ ಕಿಣ್ಣಿ ಸುಲ್ತಾನದ ಮಾವನೂ ಹೋದ, ಗಂಗವ್ವನೂ ಹೋದಳು. ರಫೀಕ ಸೊಲ್ಲಾಪುರದಲ್ಲಿ ಗಾಡಿ ಓಡಿಸುತ್ತಾನೆ. ಅಮ್ಮಿ ನನ್ನ ಜೊತೆ ಇದ್ದಾಳೆ. ಪ್ರತಿ ವರ್ಷ ದಾದಿ ತೀರಿಕೊಂಡ ದಿನ ಬಂದಾಗ ನಾನು ಅವಳಿಗೆಂದು ಏನಾದರೊಂದು ಮಾಡುತ್ತೇನೆ, ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡುವುದಿಲ್ಲ. ಒಂದು ವರ್ಷ ಶಿರಾ, ಒಂದು ವರ್ಷ ಮೀನಿನ ಸಾರು, ಒಂದು ವರ್ಷ ಬರೀ ಮೊಸರನ್ನ. ಈ ವರ್ಷ ಶಾವಿಗೆಯ ಖೀರು ಮಾಡಿದ್ದೆ. ಅಮ್ಮಿ ಒಂದು ಚಮಚೆ ಬಾಯಿಗಿಟ್ಟು, "ಛಲೋ ಆಗ್ಯಾದ" ಎಂದಳು. ಚಮಚೆಯನ್ನು ಕೆಳಗಿಟ್ಟು, "ಆಕಿಗಿ ಸೇರ್ತಿತ್ತೋ ಇಲ್ಲೋ" ಎಂದಳು. ಹೇಳುವವರು ಯಾರೂ ಉಳಿದಿಲ್ಲ.